ಹೇನಿನ ಲೆಕ್ಕ

ಗ್ರಹತಾರೆಗಳನ್ನೂ ಪರಮಾಣುಗಳನ್ನೂ ಕುರಿತು ಬರೆಯುವ ಪತ್ರಿಕೆಯಲ್ಲಿ ತಲೆಯ ಹೇನಿಗೇನು ಸ್ಥಳವೆಂದು ವಾಚಕರು ಕೇಳಬಹುದು. ಭೌತಶಾಸ್ತ್ರವನ್ನು ಬೋಧಿಸುವ ನಾನೂ ಹಾಗೆಯೇ ಕೇಳುತ್ತಿದ್ದೆನು. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ ನನ್ನ ಅಭಿಪ್ರಾಯವನ್ನು ತಿದ್ದಿತು.

ಎಂಟು ವರ್ಷದ ನನ್ನ ಮಗಳನ್ನು ಶಾಲೆಯಲ್ಲಿ ಎಲ್ಲರಿಂದ ಬೇರೆಯಾಗಿ ಕೂರಿಸಿದರು. ತಲೆಯಲ್ಲಿ ಹೇನಿದ್ದುದೇ ಅವಳ ಅಪರಾಧ. ಅಳುತ್ತ ಬಂದ ಮಗುವಿಗೆ ಸಮಾಧಾನ ಹೇಳುವುದನ್ನು ಬಿಟ್ಟು ನಾನು ಅವಳ ಗೆಳತಿಯನ್ನು ದೂರಿದೆನು. ತಲೆ ಬೋಳಿಸುವ ಮಾತನ್ನೂ ಆಡಿದೆನು. ಆಗ ನಮ್ಮ ಅತ್ತೆಯವರು ಕೊಟ್ಟೂರಿನ ತೇರಿನಲ್ಲಿ ಕೊಂಡ ಮರದ ಸೀರಣಿಗೆಯನ್ನು ತಂದು, “ಮೊದಲು ನೀನು ಕುಂದ್ರವ್ವ, ನಿನ್ನ ತಲಿ ನೋಡೋಣ” ಎಂದರು. ಬಿಳಿಯ ಬಟ್ಟೆಯ ಮೇಲೆ ಉದುರಿದ ಹೇನುಗಳು ನನ್ನ ತಲೆಯವೇ ಆಗಿದ್ದುವು.

ಹೇನು ಒಬ್ಬರ ದೋಷವಲ್ಲ, ಇಡೀ ಮನೆಯ ಸಮಸ್ಯೆ. ಅದಕ್ಕೆ ರೆಕ್ಕೆಯಿಲ್ಲ, ಅದು ನೆಗೆಯಲಾರದು. ತಲೆಗೆ ತಲೆ ತಾಗಿದಾಗ ಕೂದಲಿನಿಂದ ಕೂದಲಿಗೆ ಹರಿದು ಹೋಗುತ್ತದೆ. ಒಂದೇ ಹಾಸಿಗೆಯಲ್ಲಿ ಮಲಗುವ ತಾಯಿಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಮಾಡಿದರೆ ವಾರದೊಳಗೆ ಹೇನು ಹಿಂದಿರುಗುವುದು ಸಹಜ.

ಕೊಳಕಿನಿಂದ ಹೇನಾಗುತ್ತದೆಂಬುದೂ ತಪ್ಪು ಕಲ್ಪನೆ. ನೀರಿನಲ್ಲಿ ಮುಳುಗಿದಾಗ ಹೇನು ಉಸಿರಾಟದ ರಂಧ್ರಗಳನ್ನು ಮುಚ್ಚಿಕೊಂಡು ಗಂಟೆಗಟ್ಟಲೆ ಬದುಕಬಲ್ಲದು. ಅಭ್ಯಂಜನ ಅದನ್ನು ಕೊಲ್ಲಲಾರದು. ಇಸ್ರೇಲಿನ ಲಾಕೀಷ್ ಎಂಬಲ್ಲಿ ದೊರೆತ, ಸುಮಾರು 3700 ವರ್ಷ ಹಳೆಯದಾದ ಆನೆದಂತದ ಬಾಚಣಿಗೆಯ ಮೇಲೆ ಕೂದಲು ಮತ್ತು ಗಡ್ಡದ ಹೇನು ನಾಶವಾಗಲೆಂಬ ಹಾರೈಕೆ ಕೆತ್ತಿರುವುದಾಗಿ 2022ರಲ್ಲಿ ವಿದ್ವಾಂಸರು ಪ್ರಕಟಿಸಿದರು. ದಂತದ ಬಾಚಣಿಗೆ ಬಡವರ ಮನೆಯದಾಗಿರಲಾರದಷ್ಟೆ!

ನಮ್ಮ ನುಡಿಯಲ್ಲಿ ತಲೆಯದನ್ನು ಹೇನೆಂದೂ ಬಟ್ಟೆಯದನ್ನು ಕೂರೆಯೆಂದೂ ಬೇರ್ಪಡಿಸಿರುವುದು ಉಚಿತವಾಗಿದೆ. ಟೈಫಸ್ ಜ್ವರವನ್ನು ಹರಡುವುದು ಕೂರೆಯೆಂದು 1909ರಲ್ಲಿ ತೋರಿಸಿದ ಷಾರ್ಲ್ ನಿಕೋಲ್‌ಗೆ 1928ರ ನೊಬೆಲ್ ಪಾರಿತೋಷಕ ದೊರೆಯಿತು. ಆ ಅಪಕೀರ್ತಿಯನ್ನು ತಲೆಯ ಹೇನಿಗೆ ಹೊರಿಸಲಾಗದು. ಅದರಿಂದ ತುರಿಕೆ, ಕೆರೆತದಿಂದ ಹುಣ್ಣು, ನಿದ್ರಾಭಂಗ ಉಂಟಾಗುವುವು; ಅದಕ್ಕಿಂತ ಹೆಚ್ಚಿನದು ಮಗುವಿಗಾಗುವ ಅವಮಾನ.

ನಿವಾರಣೆಯ ಗುಟ್ಟೆಲ್ಲ ದಿನಗಳ ಲೆಕ್ಕದಲ್ಲಿದೆ. ನೆತ್ತಿಯ ಶಾಖ ಬೇಕಾದುದರಿಂದ ಹೆಣ್ಣು ಹೇನು ಕೂದಲಿನ ಬುಡದಲ್ಲಿ ಸೀರನ್ನು ಅಂಟಿಸುತ್ತದೆ. ಆ ಅಂಟು ನೀರಿಗೂ ಎಣ್ಣೆಗೂ ಕರಗದು. ಸೀರು 7ರಿಂದ 10 ದಿನಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿ ತಾನೂ ಸೀರಿಡಲು ಇನ್ನೂ 9-10 ದಿನ ಬೇಕು. ಆದುದರಿಂದ ಒಮ್ಮೆ ಬಾಚಿದರೆ ಸಾಲದು. 1, 5, 9 ಮತ್ತು 13ನೆಯ ದಿನಗಳಲ್ಲಿ ಬಾಚಿದರೆ ಹೊಸ ಮರಿಗಳು ತಾಯಿಯಾಗುವ ಮೊದಲೇ ಸಿಕ್ಕಿಬೀಳುತ್ತವೆ. 17ನೆಯ ದಿನ ಪರೀಕ್ಷಿಸಬೇಕು. ಒಂದು ಹೇನು ಕಂಡರೂ ಲೆಕ್ಕವನ್ನು ಮೊದಲಿನಿಂದ ಆರಂಭಿಸಬೇಕು.

ಸೀರಣಿಗೆ ಒಂದು ಬಗೆಯ ಜರಡಿ. ಕೂದಲಿನ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಹಲ್ಲುಗಳ ನಡುವಣ ಸಂದು 0.3 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ಕೂದಲು ನುಸುಳುತ್ತದೆ, ಹೇನು ನುಸುಳದು. ತಲೆಯನ್ನು ನೆನೆಸಿ, ಎಣ್ಣೆ ಸವರಿ ಬಾಚಿದರೆ ಘರ್ಷಣೆ ತಗ್ಗುತ್ತದೆ, ಹೇನಿನ ಓಟವೂ ನಿಧಾನವಾಗುತ್ತದೆ. ಬ್ರಿಟನ್ನಿನಲ್ಲಿ ಹೀಗೆ 13 ದಿನಗಳಲ್ಲಿ ನಾಲ್ಕು ಬಾರಿ ಬಾಚಿದವರನ್ನೂ ಅಂಗಡಿಯ ಔಷಧವನ್ನು ಹಚ್ಚಿಕೊಂಡವರನ್ನೂ ಹೋಲಿಸಿ 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಾಚಿದವರ ಪೈಕಿ ಶೇಕಡ 57 ಮಂದಿ, ಔಷಧದವರ ಪೈಕಿ ಶೇಕಡ 13 ಮಂದಿ ಮಾತ್ರ ಹೇನಿನಿಂದ ಮುಕ್ತರಾದರು. ಅನೇಕ ದೇಶಗಳಲ್ಲಿ ಹೇನುಗಳು ಹಳೆಯ ಔಷಧಗಳನ್ನು ಸಹಿಸುವ ಶಕ್ತಿಯನ್ನು ಪಡೆದಿವೆ. ಔಷಧ ಬೇಕೇ ಆದರೆ ವೈದ್ಯರನ್ನು ಕೇಳಿ, ಅವರು ಹೇಳಿದ ದಿನ ಮತ್ತೊಮ್ಮೆ ಹಚ್ಚತಕ್ಕದ್ದು.

ನಮ್ಮ ಸೀಮೆಯಲ್ಲಿ ಹೊಲಕ್ಕೆ ಹೊಡೆಯುವ “ಎಣ್ಣೆ”ಯನ್ನೇ ಮಕ್ಕಳ ತಲೆಗೆ ಹಚ್ಚಲು ಸೂಚಿಸುವವರುಂಟು. ಅದು ವಿಷ, ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಸೀಮೆಎಣ್ಣೆ ಒಲೆಯ ಬಳಿ ಹೊತ್ತಿಕೊಳ್ಳಬಹುದು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಗೆ ಗಾಯವಾಗುತ್ತದೆ. ಹೇನು ಕೊಲ್ಲದ ಮಗುವನ್ನು ಮದ್ದು ಕೊಲ್ಲಬಾರದು.

ಉಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೆ: ಹೇನಿದೆಯೆಂದು ಮಗುವನ್ನು ಬೇರೆ ಕೂರಿಸಬೇಡಿರಿ, ಶಾಲೆಯಿಂದ ಕಳುಹಿಸಲೂಬೇಡಿರಿ. ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆಯೂ ಇದೇ. ಬದಲಾಗಿ ಒಂದು ಭಾನುವಾರವನ್ನು ಗೊತ್ತುಮಾಡಿ, ತರಗತಿಯ ಮಕ್ಕಳೆಲ್ಲರ ಮನೆಗಳಲ್ಲಿಯೂ ಅಂದೇ ಬಾಚಲು ಆರಂಭಿಸುವಂತೆ ತಿಳಿಸಿರಿ. ತಾಯಂದಿರು ಮೊದಲು ತಮ್ಮ ತಲೆಯನ್ನು ತೋರಿಸಲಿ. ನಮ್ಮ ಮನೆಯಲ್ಲಿ ಮೂವರೂ ಪಂಚಾಂಗದಲ್ಲಿ ಗುರುತು ಹಾಕಿಕೊಂಡು ಬಾಚಿದೆವು. 17ನೆಯ ದಿನ ಬಟ್ಟೆ ಬೆಳ್ಳಗೇ ಉಳಿಯಿತು. ಮಗಳ ಜಡೆಯೂ ಉಳಿಯಿತು.