ಗಾಲಿಕುರ್ಚಿಯಲ್ಲಿ ಬಂದ ಗುರು

1940ರ ಮಾರ್ಚ್ 19ರಂದು ನ್ಯೂಯಾರ್ಕಿನಲ್ಲಿ ಹಡಗಿನಿಂದಿಳಿದ ಯಹೂದಿ ಧರ್ಮಗುರು ಯೋಸೆಫ್ ಯಿಟ್ಸಾಕ್ ಶ್ನೇರ್ಸೋನರು ಗಾಲಿಕುರ್ಚಿಯಲ್ಲಿದ್ದರು. ಭಕ್ತಿಪ್ರಧಾನವಾದ ಹಸೀದಿ ಪಂಥದ ಲುಬಾವಿಚ್ ಶಾಖೆಗೆ ಅವರು ಆರನೆಯ ಗುರುಗಳು. ಸೋವಿಯತ್ ರಷ್ಯದಲ್ಲಿ ಗುಟ್ಟಾಗಿ ಧರ್ಮಪಾಠಶಾಲೆಗಳನ್ನು ನಡೆಯಿಸಿ, 1927ರಲ್ಲಿ ಸೆರೆಯಾಗಿ, ಮರಣದಂಡನೆಯಿಂದ ಪಾರಾಗಿದ್ದವರು. ವಾರ್ಸಾದ ಮೇಲೆ ಜರ್ಮನರ ಬಾಂಬುಗಳು ಬೀಳುವಾಗಲೂ ಅಲ್ಲಿಯೇ ಇದ್ದವರು.

ಹಳೆಯ ಬಗೆಯ ವಿದ್ಯಾಪೀಠ ಅಮೆರಿಕೆಯ ನೆಲದಲ್ಲಿ ಬೇರೂರದೆಂದು ಹಿತೈಷಿಗಳು ಎಚ್ಚರಿಸಿದರು. ಅವರ ಶಂಕೆ ನಿರಾಧಾರವೇನಲ್ಲ. ವಲಸೆ ಬಂದವರ ಮಕ್ಕಳು ಹಿರಿಯರ ಭಾಷೆಯನ್ನೇ ಮರೆಯುತ್ತಿದ್ದ ಕಾಲವದು. ಅಮೆರಿಕೆಯೇನೂ ಬೇರೆಯಲ್ಲವೆಂದರು ಗುರುಗಳು. ಬೆರಳೆಣಿಕೆಯ ಹುಡುಗರಿಂದ ಶಾಲೆ ಮೊದಲಾಯಿತು. ಅದೇ ವರ್ಷ ಬ್ರೂಕ್ಲಿನ್ನಿನ ಈಸ್ಟರ್ನ್ ಪಾರ್ಕ್‌ವೇಯ 770ನೆಯ ಕಟ್ಟಡ ಅವರ ನೆಲೆಯಾಯಿತು.

ಪೋಲೆಂಡಿನಲ್ಲಿಯೇ ಉಳಿದಿದ್ದ ಕಿರಿಯ ಮಗಳು 1942ರಲ್ಲಿ ನಾಜಿಗಳ ಟ್ರೆಬ್ಲಿಂಕಾ ಮೃತ್ಯುಶಿಬಿರದಲ್ಲಿ ಪತಿಯೊಡನೆ ಹತಳಾದಳು. ನಾಲಿಗೆ ತೊದಲುತ್ತಿದ್ದರೂ ತಂದೆ 1950ರಲ್ಲಿ ತೀರಿಕೊಳ್ಳುವ ತನಕ ಊರೂರಿಗೆ ಅಧ್ಯಾಪಕರನ್ನು ಕಳುಹುತ್ತಲೇ ಇದ್ದರು.