ಹಿಂದಿನ ಸೀಟಿನ ಲೆಕ್ಕ

ಭಾಗ 1/6: ಮಾವನ ಅಮೆರಿಕನ್ ಕಾರು

ಮೊದಲ ಫೋಟೋದಲ್ಲಿರೋದು ನನ್ನ ಸೋದರಮಾವ. 2008, ಕುವೈತ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಕೀ, ಬೆನ್ನ ಹಿಂದೆ ಉದ್ದನೆಯ ಕಪ್ಪು ಕಾರು, ಅದರ ಮೂತಿ ಮೇಲೆ ಷೆವರ್ಲೆ ಲೋಗೊ. ನಮ್ಮನೇಲಿ ಅದಕ್ಕೆ "ಮಾವನ ಅಮೆರಿಕನ್ ಕಾರು" ಅಂತಲೇ ಹೆಸರು.

ಆಮೇಲೆ ಗೊತ್ತಾಯ್ತು, ಅದು ಮಾವಂದೂ ಅಲ್ಲ, ಅಮೆರಿಕದ್ದೂ ಅಲ್ಲ. ಕಾರು ಮಾವ ಡ್ರೈವರ್ ಆಗಿದ್ದ ಮನೆಯ ಯಜಮಾನರದ್ದು. ತಯಾರಾಗಿದ್ದು ಆಸ್ಟ್ರೇಲಿಯಾದಲ್ಲಿ, ಅಡಿಲೇಡ್ ಪಕ್ಕದ ಎಲಿಜಬೆತ್ ಅನ್ನೋ ಊರಿನ ಹೋಲ್ಡನ್ ಫ್ಯಾಕ್ಟರಿಯಲ್ಲಿ. ಆಸ್ಟ್ರೇಲಿಯಾದಲ್ಲಿ ಅದರ ಹೆಸರು ಹೋಲ್ಡನ್ ಕ್ಯಾಪ್ರಿಸ್, ಅದರ ಜೋಡಿ ಸ್ಟೇಟ್ಸ್‌ಮನ್. ಗಲ್ಫಿಗೆ ಹೋಗುವಾಗ ಷೆವರ್ಲೆ ಕ್ಯಾಪ್ರಿಸ್.

ಕಾರ್ ಪೇಜುಗಳಲ್ಲಿ ಈ ಗಾಡಿ ಬಂದರೆ ಎಲ್ಲರೂ ಮಾತಾಡೋದು ವಿ8 ಎಂಜಿನ್ ಬಗ್ಗೆ. ನಾನು ಈ ಸೀರೀಸಲ್ಲಿ ಹೇಳ್ಬೇಕು ಅಂತಿರೋದು ಬೇರೆ. ಈ ಐಷಾರಾಮಿ ಕಾರನ್ನ ಐವತ್ತು ವರ್ಷ ಹತ್ತಿರ ಸಾಕಿದ್ದು ಹಿಂದಿನ ಸೀಟಲ್ಲಿ ಕೂತ ಯಜಮಾನರಲ್ಲ. ಸ್ಟೇಷನ್ ವ್ಯಾಗನ್ನಲ್ಲಿ ಮಕ್ಕಳನ್ನ ಸ್ಕೂಲಿಗೆ ಬಿಡೋರು, ಯೂಟ್ ಹಿಂದೆ ಏಣಿ, ಪೈಪು ಕಟ್ಕೊಂಡು ಹೋಗೋ ಪ್ಲಂಬರ್‌ಗಳು. ಅವರು ಕೈಬಿಟ್ಟ ಮೇಲೆ ಯಾವ ಸ್ಪೆಸಿಫಿಕೇಶನ್ನೂ ಇದನ್ನ ಉಳಿಸಲಿಲ್ಲ. ನನ್ನ ವಾದ ಇಷ್ಟೇ. ಒಪ್ಪಲ್ಲ ಅನ್ನೋರು ಆರನೇ ಭಾಗದವರೆಗೂ ಓದಿ ಬೈಯಿರಿ.

ಭಾಗ 2/6: 94 ಮಿಲಿಮೀಟರ್

ವೀಲ್‌ಬೇಸ್ ಅಂದ್ರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರ. 2006ರಲ್ಲಿ ಬಂದ ವಿಇ ಕಮಡೋರ್, ಅಂದ್ರೆ ಹೋಲ್ಡನ್ ಕಂಪನಿಯ ಮಾಮೂಲಿ ಫ್ಯಾಮಿಲಿ ಸೆಡಾನ್, ಅದರ ವೀಲ್‌ಬೇಸ್ 2,915 ಮಿಮೀ. ಅದೇ ವರ್ಷ ಬಂದ ಡಬ್ಲ್ಯುಎಂ ಸ್ಟೇಟ್ಸ್‌ಮನ್ ಮತ್ತು ಕ್ಯಾಪ್ರಿಸ್‌ದು 3,009. ವ್ಯತ್ಯಾಸ 94 ಮಿಮೀ. ನಿಮ್ಮ ಅಂಗೈ ಅಗಲ ಅಳೆದು ನೋಡಿ, ಹೆಚ್ಚುಕಮ್ಮಿ ಅಷ್ಟೇ.

ಆ ಒಂದು ಅಂಗೈ ಅಗಲ ಪೂರ್ತಿ ಹೋಗೋದು ಹಿಂದೆ ಕೂತವರ ಕಾಲಿಗೆ. ಡ್ರೈವರಿಗೆ ಒಂದು ಮಿಲಿಮೀಟರೂ ಇಲ್ಲ. ಎಂಜಿನ್ನುಗಳು ಕಮಡೋರ್‌ಗೆ ಹಾಕ್ತಿದ್ದವೇ: 3.6 ಲೀಟರ್ ವಿ6, ಇಲ್ಲಾಂದ್ರೆ 6 ಲೀಟರ್, 270 ಕಿಲೋವ್ಯಾಟಿನ ವಿ8. ಹಾಗಾಗಿ ನನ್ನ ಪ್ರಕಾರ ಈ ಕಾರಿನ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ನಿಜವಾಗಿ "ಲಕ್ಷುರಿ" ಅಂತ ಕರೆಯಬಹುದಾದ ಮೊದಲ ನಂಬರು ಈ 94.

ಈಗ ಮಜಾ ಕೇಳಿ. ಅದೇ 3,009 ಮಿಮೀ ವೀಲ್‌ಬೇಸ್ ಇನ್ನೊಂದು ಗಾಡಿಗೂ ಇತ್ತು: ವಿಇ ಯೂಟ್. ಮುಂದೆ ಕಾರು, ಹಿಂದೆ ಸಾಮಾನು ತುಂಬೋ ತೊಟ್ಟಿ, ಅಂಥ ಗಾಡಿ. ರಾಜಕಾರಣಿ ಕಾಲು ಚಾಚೋಕೆ ಬಳಸಿದ ಉದ್ದವನ್ನೇ ಬಡಗಿ ಹಲಗೆ ಹಾಕೋಕೆ ಬಳಸ್ತಿದ್ದ.

ಭಾಗ 3/6: ಸಾಲ ತಂದ ಉದ್ದ

ಇದು 2006ರ ಐಡಿಯಾ ಅಲ್ಲ. ಮೊದಲ ಸ್ಟೇಟ್ಸ್‌ಮನ್ ಬಂದಿದ್ದು 1971ರಲ್ಲಿ, ಎಚ್‌ಕ್ಯೂ ಸರಣಿಯಲ್ಲಿ. ಆಗಿನ ಮಾಮೂಲಿ ಸೆಡಾನ್ ವೀಲ್‌ಬೇಸ್ 111 ಇಂಚು, ಸ್ಟೇಟ್ಸ್‌ಮನ್‌ದು 114. ಆ ಮೂರು ಇಂಚು ಎಲ್ಲಿಂದ ಬಂತು? ಸ್ಟೇಷನ್ ವ್ಯಾಗನ್ನಿಂದ. ಅದರ ವೀಲ್‌ಬೇಸ್ ಮೊದಲೇ 114 ಇತ್ತು. ಮಾರೋವಾಗ ಮಾತ್ರ ಹೋಲ್ಡನ್ ಹೆಸರನ್ನ ಪಕ್ಕಕ್ಕಿಟ್ಟು "ಸ್ಟೇಟ್ಸ್‌ಮನ್" ಅನ್ನೋದೇ ಬೇರೆ ಬ್ರ್ಯಾಂಡು ಅನ್ನೋ ಹಾಗೆ ಮಾರಿದರು. ಎದುರಿಗೆ ಫೋರ್ಡ್ ಫೇರ್‌ಲೇನ್ ಇತ್ತು, 1967ರಿಂದಲೇ, 116 ಇಂಚಿನದ್ದು. 1974ರ ಎಚ್‌ಜೆ ಸರಣಿಯಲ್ಲಿ ಸ್ಟೇಟ್ಸ್‌ಮನ್ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಿ ಅದಕ್ಕೆ ಕ್ಯಾಪ್ರಿಸ್ ಅಂದರು.

1980ಕ್ಕೆ ಬನ್ನಿ. ಹೋಲ್ಡನ್ ತನ್ನ ದೊಡ್ಡ ಫ್ಯಾಮಿಲಿ ಸೆಡಾನ್ ನಿಲ್ಲಿಸಿ, ಸ್ವಲ್ಪ ಚಿಕ್ಕದಾದ ಕಮಡೋರ್ ಕಡೆ ಹೊರಳಿತ್ತು. ಹಳೇ ದೊಡ್ಡ ಚೌಕಟ್ಟಿನಲ್ಲಿ ಉಳಿದದ್ದು ಡಬ್ಲ್ಯುಬಿ ಸರಣಿ. ಅದರಲ್ಲಿ ಯಾರ್‍ಯಾರು? ಯೂಟ್, ಪ್ಯಾನಲ್ ವ್ಯಾನ್, ಲೋಡ್ ಗಾಡಿ, ಜೊತೆಗೆ ಸ್ಟೇಟ್ಸ್‌ಮನ್ ಮತ್ತು ಕ್ಯಾಪ್ರಿಸ್. ಮನೆಯ ಮಧ್ಯದವರೆಲ್ಲ ಬಿಟ್ಟು ಹೋಗಿ, ಆಳು ಮತ್ತು ಅರಸ ಇಬ್ಬರೇ ಉಳಿದ ಹಾಗೆ. ಎಷ್ಟು ದಿನ ನಡೀತು? 1984-85ರ ಹೊತ್ತಿಗೆ ಎಲ್ಲಾ ಬಂದ್. ಇದು ಈ ಕಾರಿನ ಮೊದಲ ಸಾವು.

1990ರಲ್ಲಿ ವಿಕ್ಯೂ ಅನ್ನೋ ಹೆಸರಲ್ಲಿ ಮತ್ತೆ ಹುಟ್ಟಿತು. ಹೇಗೆ? ಮತ್ತೆ ಅದೇ ದಾರಿ: ಕಮಡೋರ್ ವ್ಯಾಗನ್ನಿನ ಉದ್ದದ ಚೌಕಟ್ಟು. ಆದರೆ ಈ ಸಲ ಸಾಲ ವಾಪಸ್ ಕೂಡ ಕೊಟ್ಟಿತು. ಹಿಂದಿನ ಎರಡು ಚಕ್ರ ಬೇರೆಬೇರೆಯಾಗಿ ಅಲುಗಾಡೋ ಇಂಡಿಪೆಂಡೆಂಟ್ ಸಸ್ಪೆನ್ಶನ್ ಮೊದಲು ಬಂದಿದ್ದು ವಿಕ್ಯೂಗೆ, ಆಮೇಲೆ 1991ರಲ್ಲಿ ಕಮಡೋರ್‌ಗೆ. 1999ರ ಡಬ್ಲ್ಯುಎಚ್ ಸರಣಿಯಲ್ಲೂ ಉದ್ದ ಬಂದಿದ್ದು ವ್ಯಾಗನ್ ಕಡೆಯಿಂದಲೇ.

ಭಾಗ 4/6: ಒಂದೇ ಕಾರು, ಊರಿಗೊಂದು ಹೆಸರು

ನಮ್ಮ ಕಾಸ್ಟ್ ಅಕೌಂಟಿಂಗ್ ಕ್ಲಾಸಿಗೆ ಬರೋಣ. ಒಂದು ಪ್ಲಾಟ್‌ಫಾರ್ಮ್ ತಯಾರಿಗೆ 100 ಕೋಟಿ ಖರ್ಚು ಅಂದ್ಕೊಳ್ಳಿ, ಲೆಕ್ಕಕ್ಕೆ ಮಾತ್ರ. 1 ಲಕ್ಷ ಕಾರು ಮಾರಿದರೆ ಕಾರಿಗೆ 10,000 ರೂಪಾಯಿ ಬೀಳುತ್ತೆ. 5,000 ಕಾರು ಮಾತ್ರ ಮಾರಿದರೆ ಕಾರಿಗೆ 2 ಲಕ್ಷ. ಕಾರು ಅದೇ, ಸೀಟಿನ ಚರ್ಮ ಅದೇ, ಭಾರ ಮಾತ್ರ ಇಪ್ಪತ್ತು ಪಟ್ಟು.

ನಿಜ ಜೀವನದಲ್ಲಿ ವಿಇ ಕುಟುಂಬಕ್ಕೆ ಹೋಲ್ಡನ್ ಹಾಕಿದ್ದು 100 ಕೋಟಿ ಆಸ್ಟ್ರೇಲಿಯನ್ ಡಾಲರಿಗಿಂತ ಹೆಚ್ಚು. ಸೆಡಾನ್, ವ್ಯಾಗನ್, ಯೂಟ್, ಕ್ಯಾಪ್ರಿಸ್ ಎಲ್ಲಾ ಸೇರಿ. ಅಷ್ಟು ದುಡ್ಡು ಒಂದು ಚಿಕ್ಕ ಮಾರ್ಕೆಟ್ಟಲ್ಲಿ ವಾಪಸ್ ಬರಲ್ಲ. ಅದಕ್ಕೇ ಉದ್ದದ ಕಾರನ್ನ ಹೊರಗೆ ಕಳಿಸಿದರು. ಗಲ್ಫಲ್ಲಿ ಷೆವರ್ಲೆ ಕ್ಯಾಪ್ರಿಸ್. ಕೊರಿಯಾದಲ್ಲಿ ಮೊದಲು ದೇವೂ ಸ್ಟೇಟ್ಸ್‌ಮನ್, ಆಮೇಲೆ ದೇವೂ ವೆರಿಟಾಸ್. ಚೀನಾದಲ್ಲಿ ಮೊದಲು ಬ್ಯೂಕ್ ರೋಯಾಮ್, ನಂತರ ಬ್ಯೂಕ್ ಪಾರ್ಕ್ ಅವೆನ್ಯೂ. 2011ರಿಂದ ಅಮೆರಿಕದ ಪೊಲೀಸರಿಗೆ ಷೆವರ್ಲೆ ಕ್ಯಾಪ್ರಿಸ್ ಪೆಟ್ರೋಲ್ ಕಾರು, ಸೊಂಟದ ಬೆಲ್ಟಲ್ಲಿ ಗನ್ನು, ಬೇಡಿ ಸಿಕ್ಕಿಸಿಕೊಂಡು ಕೂರೋಕೆ ಆಗೋ ಹಾಗೆ ಸೀಟು ಕೆತ್ತಿಸಿ.

ಗಮನಿಸಿ: ಆಸ್ಟ್ರೇಲಿಯಾದಲ್ಲಿ ನಮ್ಮ ಹಾಗೆ ಸ್ಟೀರಿಂಗ್ ಬಲಗಡೆ. ಆದರೂ ಎಡಗಡೆ ಸ್ಟೀರಿಂಗಿನ ಕಾರು ಕಟ್ಟಿ ಸಮುದ್ರ ದಾಟಿಸ್ತಿದ್ದರು. ಮಾವ ಓಡಿಸಿದ್ದು ಅಂಥದ್ದೇ ಒಂದು. ಕರಾವಳಿಯಿಂದ ಗಲ್ಫಿಗೆ ಡ್ರೈವರ್ ಕೆಲಸಕ್ಕೆ ಹೋದವರು ಯಾರಾದ್ರೂ ನಿಮ್ಮನೇಲಿ ಇದ್ರೆ ಕೇಳಿ ನೋಡಿ, ಈ ಕಾರು ಅವರಿಗೆ ಗೊತ್ತಿರುತ್ತೆ.

ಭಾಗ 5/6: ಎರಡನೇ ಸಾವು

ಹಾಗಾದ್ರೆ ಮುಚ್ಚಿದ್ದು ಯಾಕೆ?

ಒಂದು, ಆಮದು ಸುಂಕ. 1980ರ ದಶಕದಲ್ಲಿ ಆಸ್ಟ್ರೇಲಿಯಾಗೆ ಬರೋ ಕಾರಿನ ಮೇಲೆ 57.5 ಪರ್ಸೆಂಟ್ ಸುಂಕ ಇತ್ತು. 2010ಕ್ಕೆ ಅದು 5 ಪರ್ಸೆಂಟ್. ಎರಡು, ಡಾಲರ್. 2011ರ ಸುಮಾರಿಗೆ ಆಸ್ಟ್ರೇಲಿಯನ್ ಡಾಲರ್ ಅಮೆರಿಕನ್ ಡಾಲರಿಗಿಂತ ದುಬಾರಿಯಾಗಿತ್ತು. ಒಳಗೆ ಬರೋ ಕಾರು ಅಗ್ಗ, ಹೊರಗೆ ಹೋಗೋ ಕಾರು ತುಟ್ಟಿ. ಮೂರು, ಜನರ ಆಸೆಯೇ ಬದಲಾಯ್ತು. ವ್ಯಾಗನ್ ತಗೊಳ್ತಿದ್ದ ಫ್ಯಾಮಿಲಿ ಎಸ್‌ಯುವಿ ತಗೊಂಡಿತು, ಯೂಟ್ ತಗೊಳ್ತಿದ್ದ ಪ್ಲಂಬರ್ ಥಾಯ್ಲೆಂಡಿನಿಂದ ಬಂದ ಪಿಕಪ್ ತಗೊಂಡ.

ಇಲ್ಲಿ ನೋಡಿ, ಮೂರನೇದೇ ನನ್ನ ಪ್ರಕಾರ ಅಸಲು ಪೆಟ್ಟು. ಸುಂಕ, ಡಾಲರ್ ಎರಡೂ ಬಾಗಿಲು ತೆರೆದವು ಅಷ್ಟೆ, ಆ ಬಾಗಿಲಿಂದ ಆಚೆ ಹೋದವರು ಈ ಕಾರನ್ನ ಹೊತ್ತಿದ್ದ ಮಾಮೂಲಿ ಗಿರಾಕಿಗಳು. ಫೋರ್ಡ್ ಫೇರ್‌ಲೇನ್ 2007ರಲ್ಲೇ ನಿಂತಿತ್ತು. ಹೋಲ್ಡನ್ 2010ರಲ್ಲಿ ಸ್ಟೇಟ್ಸ್‌ಮನ್ ಹೆಸರು ಕೈಬಿಟ್ಟು ಕ್ಯಾಪ್ರಿಸ್ ಒಂದನ್ನೇ ಉಳಿಸಿಕೊಂಡಿತು. 2013ರಲ್ಲಿ ಕಮಡೋರ್‌ಗೆ ಹೊಸ ಮುಖ ಬಂತು. ಅದೇ ವರ್ಷದ ಡಬ್ಲ್ಯುಎನ್ ಕ್ಯಾಪ್ರಿಸ್‌ಗೆ ಒಳಗಡೆ ಹೊಸ ಡ್ಯಾಶ್‌ಬೋರ್ಡ್, ಹೊರಗೆ ಹೆಚ್ಚುಕಮ್ಮಿ ಏಳು ವರ್ಷ ಹಳೇ ಮುಖವೇ. ಹೊಸ ಅಚ್ಚು ಹೊಯ್ಯೋಕೆ ಆ ಸಂಖ್ಯೆಯ ಮಾರಾಟದಲ್ಲಿ ದುಡ್ಡು ಹುಟ್ಟಲ್ಲ, ನಾನು ಓದಿಕೊಳ್ಳೋದು ಹೀಗೆ.

2015ರಲ್ಲಿ ಕೊನೇ ಬದಲಾವಣೆ: 6.2 ಲೀಟರ್ ವಿ8, 304 ಕಿಲೋವ್ಯಾಟ್. ಪೇಪರ್ ಮೇಲೆ ಅಷ್ಟು ವರ್ಷಗಳಲ್ಲೇ ಬಲಶಾಲಿ ಕ್ಯಾಪ್ರಿಸ್. ಆದರೆ ಅಷ್ಟೊತ್ತಿಗೆ ಫ್ಯಾಕ್ಟರಿ ಮುಚ್ಚೋದು ಪಕ್ಕಾ ಆಗಿ ಎರಡು ವರ್ಷ ಕಳೆದಿತ್ತು. 2013ರ ಡಿಸೆಂಬರ್ 11ರಂದೇ ಘೋಷಣೆ ಮಾಡಿದ್ದರು, 2,900 ಕೆಲಸ ಹೋಗುತ್ತೆ ಅಂತ. 2017ರ ಅಕ್ಟೋಬರ್ 20ಕ್ಕೆ ಎಲಿಜಬೆತ್ ಲೈನ್ ನಿಂತಿತು.

ಭಾಗ 6/6: ನಮಗೇನು?

ಕ್ಲಾಸಲ್ಲಿ ಇದನ್ನ ಹೇಳಿದಾಗ ಇಬ್ಬರು ಎರಡು ಥರ ಅಂದರು. ಒಬ್ಬ: "ಸರ್ಕಾರ ಸಬ್ಸಿಡಿ ಕೊಟ್ಟಿದ್ರೆ ಉಳೀತಿತ್ತು ಮಗಾ." ಇನ್ನೊಬ್ಬಳು: "ಲಾಸ್ ಮಾಡೋದು ಮುಚ್ಚಲೇಬೇಕು ಕಣೋ, ಅದರಲ್ಲಿ ಅಳೋದೇನು?"

ಮೊದಲನೆಯವನಿಗೆ: ಸಬ್ಸಿಡಿ ವರ್ಷಗಟ್ಟಲೆ ಕೊಟ್ಟೇ ಇದ್ದರು. ಅದು ಟೈಮ್ ಕೊಡುತ್ತೆ, ಗಿರಾಕಿಯನ್ನ ಕೊಡಲ್ಲ. ಎರಡನೆಯವಳಿಗೆ: ಪುಸ್ತಕದ ಪ್ರಕಾರ ಕ್ಯಾಪ್ರಿಸ್‌ನ ಉಳಿಸಿಕೊಂಡಿದ್ದೇ ಸರಿ. ಹಂಚಿದ ಖರ್ಚು ಹಾಕಿ ನೋಡಿದರೆ ನಷ್ಟ ಕಂಡರೂ, ತನ್ನ ಸ್ವಂತ ಖರ್ಚು ಕಳೆದು ಒಂದು ರೂಪಾಯಿ ಫ್ಯಾಕ್ಟರಿಗೆ ತಂದುಕೊಟ್ಟರೂ ಆ ಪ್ರಾಡಕ್ಟ್ ಇರಲಿ ಅಂತೀವಲ್ಲ, ಅದೇ ಲೆಕ್ಕ. ನಾವು ಕಲಿಯದೇ ಬಿಡೋದು ಅದರ ಉಲ್ಟಾ. ಮಾಮೂಲಿ ಪ್ರಾಡಕ್ಟ್ ಹೋದ್ರೆ ಮೇಲಿನದನ್ನ ಹೊರೋರು ಯಾರು?

ಇದು ನಮ್ಮ ದೇಶಕ್ಕೂ ಅನ್ವಯ. ಡ್ರೈವರ್ ಇಟ್ಟುಕೊಂಡು ಹಿಂದೆ ಕೂರೋ ಚಾಳಿ ನಮ್ಮಲ್ಲೂ ಇದೆ. 2017ರಲ್ಲಿ ಮರ್ಸಿಡಿಸ್ ಉದ್ದದ ಇ-ಕ್ಲಾಸನ್ನ ಪುಣೆ ಹತ್ತಿರದ ಚಾಕಣದಲ್ಲಿ ಜೋಡಿಸಿ ಮಾರೋಕೆ ಶುರು ಮಾಡಿತು. ಬರೀ ನಮ್ಮ ದೇಶದ ಗಿರಾಕಿ ನಂಬಿ ಆ ಉದ್ದ ಹುಟ್ಟಿದ್ದಲ್ಲ. ಚೀನಾದಲ್ಲಿ ಉದ್ದದ ಕಾರಿಗಿರೋ ದೊಡ್ಡ ಮಾರ್ಕೆಟ್ ಅದಕ್ಕೆ ಬೆನ್ನೆಲುಬು. ಅದೇ 2017ರಲ್ಲಿ ಭಾರತದಲ್ಲಿ ಷೆವರ್ಲೆ ಮಾರಾಟವೇ ನಿಂತಿತು ಅನ್ನೋದನ್ನೂ ನೆನಪಿಡಿ. ಹಾಗಾಗಿ ಮುಂದಿನ ಸಲ ಯಾವುದಾದ್ರೂ ಕಂಪನಿ ದೊಡ್ಡ ಕಾರು ಬಿಟ್ಟಾಗ ಅದರ ಸ್ಕ್ರೀನ್ ಎಷ್ಟು ಇಂಚು ಅಂತ ನೋಡೋ ಮೊದಲು, ಅದೇ ಕಂಪನಿಯ ಸಣ್ಣ ಕಾರು ತಿಂಗಳಿಗೆ ಎಷ್ಟು ಹೋಗ್ತಿದೆ ನೋಡಿ.

ಕೊನೇ ಫೋಟೋ ಹೋದ ವಾರದ್ದು. ಮಾವ ಈಗ ಊರಲ್ಲೇ ಇದ್ದಾರೆ. ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. 94 ಮಿಮೀ ಅಂದಾಗ ನಕ್ಕರು: "ಹಿಂದಿನ ಸೀಟಲ್ಲಿ ನಾನು ಒಂದಿನಾನೂ ಕೂತಿಲ್ಲ. ಒರೆಸಿದ್ದು ಮಾತ್ರ." ಫ್ಯಾಕ್ಟರಿ ಮುಚ್ಚಿದ ಭಾಗ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅದನ್ನು ಕಟ್ತಿದ್ದವರಿಗೆಲ್ಲ ಆಮೇಲೆ ಎಂತ ಆಯ್ತು ಮಾರಾಯ?"

ಕೊನೇ ದಿನ ಅಲ್ಲಿ ಸುಮಾರು 950 ಜನ ಕೆಲಸದಲ್ಲಿದ್ದರು ಅಂತ ಹೇಳಿದೆ. ಎಂಜಿನ್ ಎಷ್ಟು ಲೀಟರ್ ಅಂತ ಮಾವ ಕೇಳಲೇ ಇಲ್ಲ.

ನಿಮ್ಮನೇಲೂ ಇಂಥ ಒಂದು ಫೋಟೋ ಇದ್ರೆ, ಕಾರಿನ ಮೇಲೆ ಯಾವ ಹೆಸರಿತ್ತು, ಓಡಿಸಿದವರು ಯಾರು, ಕಾಮೆಂಟಲ್ಲಿ ಹೇಳಿ. ಎಲ್ಲಿ ತಯಾರಾಯ್ತು ಅಂತ ಹುಡುಕೋ ಕೆಲಸ ನಂದು.

#ಹಿಂದಿನಸೀಟಿನಲೆಕ್ಕ #ಕಾರುಕಥೆ #ಬಿಕಾಂಬುದ್ಧಿ