ಎರಡನೇ ಕೈಯ ಗಾಡಿ, ಮೊದಲನೇ ಕೈಯ ದೋಷ

ನಮ್ಮ ಕಿರಾಣಿ ವ್ಯಾಪಾರಿ ಚೀಟಿ ಎತ್ತಿ, ಸಾಲದ್ದಕ್ಕೆ ಹೆಂಡತಿಯ ಬಳೆ ಅಡವಿಟ್ಟು ಗಾಡಿ ಕೊಳ್ಳುತ್ತಾನೆ. ಹೊಸದನ್ನಲ್ಲ; ಎಂಟು ಹತ್ತು ವರ್ಷ ಓಡಿದ, ಇಬ್ಬರು ಮಾಲೀಕರ ಕೈ ದಾಟಿ ಬಂದ ಎಸ್‌ಯುವಿಯನ್ನು. ಮಿಲ್ಲಿನ ಕೆಲಸಗಾರನೂ ಅಷ್ಟೆ. ಅಣ್ಣತಮ್ಮಂದಿರ ಜೊತೆ ಪಾಲು ಹಾಕಿ ಹಳೆಯದನ್ನೇ ತರುತ್ತಾನೆ. ತರುವ ಮುನ್ನ ಬಣ್ಣ ನೋಡುತ್ತಾರೆ, ಟೈರು ಒದ್ದು ನೋಡುತ್ತಾರೆ, ಪರಿಚಯದ ಮೆಕ್ಯಾನಿಕ್ಕನ್ನು ಕರೆದು ಎಂಜಿನ್ನಿನ ಸದ್ದು ಕೇಳಿಸುತ್ತಾರೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ತಯಾರಿಸಿದ ಕಂಪನಿಯೇ, ಈ ಗಾಡಿಯಲ್ಲಿ ದೋಷವಿದೆ, ವಾಪಸು ತನ್ನಿ ಎಂದು ಹಿಂದೆ ಎಂದಾದರೂ ಕರೆದಿತ್ತೆ?

ಹೀಗೆ ಕರೆಯುವುದಕ್ಕೆ ರಿಕಾಲ್ ಎನ್ನುತ್ತಾರೆ. ಇಲ್ಲಿ ಎರಡು ಮಾತನ್ನು ಬೇರೆ ಬೇರೆ ಇಡಬೇಕು. ಕ್ಲಚ್ ಪ್ಲೇಟು ಸವೆಯುವುದು, ಬ್ರೇಕ್ ಪ್ಯಾಡು ತೇಯುವುದು, ಬುಷ್ಷು ಹೋಗಿ ಗುಂಡಿಯಲ್ಲಿ ಕಟಕಟ ಎನ್ನುವುದು, ರೇಡಿಯೇಟರ್ ಸೋರುವುದು, ಇವೆಲ್ಲ ದುಡಿದ ಯಂತ್ರದ ಸವೆತ. ಅದರ ಖರ್ಚು ಓಡಿಸಿದವನದು. ನಾವು ತಕರಾರು ಮಾಡುವುದಿಲ್ಲ. ಆದರೆ ಕಾರ್ಖಾನೆಯಿಂದ ಹೊರಬರುವಾಗಲೇ ಏರ್‌ಬ್ಯಾಗಿನಲ್ಲೋ ಸ್ಟೀರಿಂಗಿನಲ್ಲೋ ಇದ್ದ ಕೊರತೆ ಹುಟ್ಟುದೋಷ. ಅದರ ಹೊಣೆ ತಯಾರಿಸಿದವನದು. ಗಾಡಿ ಎಷ್ಟು ಕೈ ಬದಲಾಯಿಸಿದರೂ ಆ ಹೊಣೆ ಬದಲಾಗಬಾರದು. ನಮ್ಮ ವಾದ ಇಷ್ಟೇ.

ಕಾನೂನು ಏನು ಹೇಳುತ್ತದೆ? 2012ರಿಂದ ಈ ದೇಶದಲ್ಲಿ ರಿಕಾಲ್ ನಡೆದದ್ದು ವಾಹನ ತಯಾರಕರ ಸಂಘ ತಾನೇ ಬರೆದುಕೊಂಡ ಸ್ವಯಂಪ್ರೇರಿತ ನಿಯಮದ ಮೇಲೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ 110ಎ ಕಲಮು ಬಂತು. ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ 2021ರ ಏಪ್ರಿಲ್ 1ರಂದು ಜಾರಿಗೆ ಬಂದ ನಿಯಮಗಳಲ್ಲಿ ಒಂದು ಬೇಲಿ ಹಾಕಿದ್ದಾರೆ: ತಯಾರಾಗಿ ಏಳು ವರ್ಷ ದಾಟಿದ ಗಾಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಂಪನಿ ತಾನಾಗಿ ಕರೆದರೆ ಕರೆಯಬಹುದು. ಕರೆಯದಿದ್ದರೆ ಸರ್ಕಾರ ಈ ನಿಯಮದಡಿ ಕಿವಿ ಹಿಂಡಲಾರದು.

ಏಳು ವರ್ಷ ಏಕೆ? ಖಾಸಗಿ ಕಾರಿಗೆ ಇದೇ ಸರ್ಕಾರ 15 ವರ್ಷದ ನೋಂದಣಿ ಕೊಡುತ್ತದೆ. 15 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವಾದ ಗಾಡಿ, ಎಂಟನೆಯ ವರ್ಷಕ್ಕೆ ಕಂಪನಿಯ ಹೊಣೆಯಿಂದ ಕಳಚಿಕೊಳ್ಳುವುದು ಯಾವ ನ್ಯಾಯ? ಗಾಡಿ ಬಡವನ ಮನೆಯ ಮುಂದೆ ನಿಲ್ಲುವ ಹೊತ್ತಿಗೆ ಸರಿಯಾಗಿ ಕಾನೂನು ಎದ್ದು ಹೋಗುತ್ತದೆ.

ದೋಷವಾದರೂ ಏಳು ವರ್ಷದೊಳಗೆ ಬಯಲಾಗುತ್ತದೆಯೆ? ಚೆವ್ರೊಲೆ ತವೇರಾ ನಮ್ಮ ರಸ್ತೆಗಳಲ್ಲಿ ಎಲ್ಲರೂ ಕಂಡ ಗಾಡಿ. ಹೊಗೆ ಮತ್ತು ತಯಾರಿಕೆಯ ನಿಯಮಗಳಿಗೆ ಸರಿಹೊಂದಿಲ್ಲವೆಂದು ಜನರಲ್ ಮೋಟಾರ್ಸ್ ಕಂಪನಿ 2013ರಲ್ಲಿ ಸುಮಾರು 1.14 ಲಕ್ಷ ತವೇರಾಗಳನ್ನು ಹಿಂದಕ್ಕೆ ಕರೆಯಿತು. ಅವು 2005ರಿಂದ 2013ರವರೆಗೆ ತಯಾರಾದವು. ಅಂದರೆ ಮೊದಲ ಗಾಡಿಗಳಿಗೆ ಆಗಲೇ ಎಂಟು ವರ್ಷ. ಇಂದಿನ ಬೇಲಿ ಅಂದು ಇದ್ದಿದ್ದರೆ ಅವು ಹೊರಗೇ ಉಳಿಯುತ್ತಿದ್ದವು.

ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗಿನ ಕಥೆ ಇನ್ನೂ ಘೋರ. ಚೀಲವನ್ನು ಉಬ್ಬಿಸಲು ಅದರಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್, ವರ್ಷಗಟ್ಟಲೆ ಸೆಕೆ ಮತ್ತು ತೇವ ತಾಗಿ ಕೆಟ್ಟು, ಅಪಘಾತದ ಹೊತ್ತಿಗೆ ಸಿಡಿಯುತ್ತದೆ. ಲೋಹದ ಚೂರುಗಳು ಕೂತವರ ಕುತ್ತಿಗೆಗೆ ಬಡಿಯುತ್ತವೆ. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇಂಥ ಸಾಧನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಗಾಡಿ ಹಳೆಯದಾದಷ್ಟೂ ಅಪಾಯ ಹೆಚ್ಚುವ ದೋಷವಿದು. ಅಪಾಯ ಬೆಳೆಯುವ ವಯಸ್ಸಿನಲ್ಲೇ ರಕ್ಷಣೆ ಮುಗಿಯುವ ಕಾನೂನನ್ನು ಏನೆಂದು ಕರೆಯೋಣ?

ದೋಷ ಹೊರಬಿದ್ದಾಗ ಮಾಲೀಕವರ್ಗ ಮೊದಲು ಬೆರಳು ತೋರಿಸುವುದು ಗಾಡಿ ಓಡಿಸುವವನ ಕಡೆಗೆ. ಅಮೆರಿಕದ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಳಚಿ ಗಾಡಿಗಳು ಪಲ್ಟಿಯಾದಾಗಲೂ, ಗಾಳಿ ಸರಿಯಾಗಿ ಹಾಕಿಲ್ಲ, ನಿಗಾ ಇಟ್ಟಿಲ್ಲ ಎಂಬ ಮಾತೇ ಮೊದಲು ಕೇಳಿಬಂತು. ಫೋರ್ಡ್ ಕೊಲ್ಲಿ ದೇಶಗಳಲ್ಲಿ 1999ರಲ್ಲೇ ಟೈರು ಬದಲಿಸತೊಡಗಿತ್ತು. ಸ್ವದೇಶದಲ್ಲಿ ರಿಕಾಲ್ ಆದದ್ದು 2000ದ ಆಗಸ್ಟಿನಲ್ಲಿ, ಸುಮಾರು 65 ಲಕ್ಷ ಟೈರುಗಳಿಗೆ. ಆ ದೇಶದ ಸುರಕ್ಷತಾ ಇಲಾಖೆಗೆ ಬಂದ ದೂರುಗಳ ಲೆಕ್ಕದಲ್ಲಿ ಸತ್ತವರು 270ಕ್ಕೂ ಹೆಚ್ಚು.

ಆ ಟೈರುಗಳಲ್ಲಿ ಬಹಳಷ್ಟು ತಯಾರಾದದ್ದು ಇಲಿನಾಯ್ ರಾಜ್ಯದ ಡೆಕೇಟರ್ ಕಾರ್ಖಾನೆಯಲ್ಲಿ. ಅಲ್ಲಿ ಕಂಪನಿ 12 ಗಂಟೆಯ ಪಾಳಿ ಬೇಕೆಂದಿತು, ಹೊಸಬರಿಗೆ ಕೂಲಿ ಕಡಿಮೆ ಎಂದಿತು. 1994ರಲ್ಲಿ ಮುಷ್ಕರವಾಯಿತು. ಕಂಪನಿ ಬದಲಿ ಆಳುಗಳನ್ನು ತಂದು ಯಂತ್ರ ಓಡಿಸಿತು. ಕ್ರೂಗರ್ ಮತ್ತು ಮಾಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂಪನಿ ಈ ಷರತ್ತುಗಳನ್ನು ಮುಂದಿಟ್ಟ ತಿಂಗಳುಗಳಲ್ಲಿ, ಮತ್ತು ಮರಳಿದ ಮುಷ್ಕರಗಾರರು ಬದಲಿ ಆಳುಗಳ ಜೊತೆ ದುಡಿದ ತಿಂಗಳುಗಳಲ್ಲಿ ತಯಾರಾದ ಟೈರುಗಳೇ ಹೆಚ್ಚಾಗಿ ಕೆಟ್ಟವು. ಕೊನೆಗೆ 2001ರಲ್ಲಿ ಆ ಕಾರ್ಖಾನೆಗೇ ಬೀಗ ಬಿತ್ತು. ಮಗ್ಗದ ಮುಂದೆ ನಿಂತು ದುಡಿಯುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸಗಾರನನ್ನು ಹಿಂಡಿದಲ್ಲಿ ಮಾಲೂ ಕೆಡುತ್ತದೆ. ಆ ಕೆಟ್ಟ ಮಾಲಿನ ಮೇಲೆ ಕೂತು ಹೋಗುವವನು ಇನ್ನೊಬ್ಬ ಸಾಮಾನ್ಯನೇ.

ಈಗ ನಾವೇನು ಮಾಡಬೇಕು? ಹಳೆಯ ಗಾಡಿಗೆ ಮುಂಗಡ ಕೊಡುವ ಮುನ್ನ ಆರ್‌ಸಿಯಲ್ಲಿರುವ ಚಾಸಿ ನಂಬರು ಬರೆದುಕೊಂಡು ಆ ಕಂಪನಿಯ ಅಧಿಕೃತ ವರ್ಕ್‌ಷಾಪಿಗೆ ಹೋಗಿ, ಯಾವುದಾದರೂ ರಿಕಾಲ್ ಬಾಕಿ ಇದೆಯೇ ಎಂದು ಕೇಳಿ. ಹಲವು ಕಂಪನಿಗಳ ಜಾಲತಾಣದಲ್ಲೂ ನಂಬರು ಹಾಕಿ ನೋಡಬಹುದು. ಬಾಕಿ ಇದ್ದರೆ ಬಿಟ್ಟಿಯಾಗಿ ಮಾಡಿಕೊಡಿ ಎಂದು ನಿಂತು ಕೇಳಿ, ಅದು ಉಪಕಾರವಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೊರಗೆ ಕಪ್ಪಗೆ ಹೊಳೆಯುವ ಟೈರೂ ಒಳಗೆ ಮುದಿಯಾಗಿರಬಹುದು.

ಆದರೆ ಒಬ್ಬೊಬ್ಬರ ಎಚ್ಚರಿಕೆಯಿಂದ ಮುಗಿಯುವ ಕೆಲಸವಲ್ಲ ಇದು. ರಿಕಾಲ್ ಕಾಗದ ಮೊದಲ ಮಾಲೀಕನ ವಿಳಾಸಕ್ಕೆ ಹೋಗಿ ಕಸದ ಬುಟ್ಟಿ ಸೇರಿದರೆ ಮೂರನೆಯವನಿಗೆ ತಿಳಿಯುವುದು ಹೇಗೆ? ಆದುದರಿಂದ ನಮ್ಮ ಒತ್ತಾಯ ಮೂರು. ಏಳು ವರ್ಷದ ಬೇಲಿ ಕಿತ್ತು, ನೋಂದಣಿ ಇರುವವರೆಗೂ ಹೊಣೆ ಇರಲಿ. ಆರ್‌ಟಿಒ ಕಚೇರಿಯಲ್ಲಿ ಗಾಡಿ ಹೆಸರು ಬದಲಾಗುವಾಗ ಬಾಕಿ ರಿಕಾಲನ್ನು ಕೊಳ್ಳುವವನಿಗೆ ಬರೆದು ಕೊಡಲಿ. ಹಳೆಯ ಗಾಡಿ ಮಾರುವ ಅಂಗಡಿಯವನು ಆ ದೋಷ ಸರಿಪಡಿಸದೆ ಮಾರಕೂಡದು.

ಹೊಸ ಗಾಡಿಯವನ ಪ್ರಾಣಕ್ಕೆ ಒಂದು ಬೆಲೆ, ಹಳೆ ಗಾಡಿಯವನ ಪ್ರಾಣಕ್ಕೆ ಇನ್ನೊಂದು ಬೆಲೆ ಎಂಬ ತಕ್ಕಡಿಯನ್ನು ನಾವು ಒಪ್ಪುವುದಿಲ್ಲ.